ಆಡ್-ಆನ್ ಯಾಕೆ ಅಪ್‌ಡೇಟ್ ಆಗುತ್ತಿಲ್ಲ?

ಪುಣೆಯ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಹಬ್ಬದ ಶುಭಾಶಯ ಮತ್ತು ಊರಿನ ಬಸ್ ಟಿಕೆಟ್ ವಿಚಾರ ಬಿಟ್ಟರೆ ಹೆಚ್ಚು ಬರುವುದು ಕಂಪ್ಯೂಟರ್ ಪ್ರಶ್ನೆಗಳೇ. ‘ನಿನ್ನೆ ತನಕ ಬ್ರೌಸರ್‌ನಲ್ಲಿ ಕನ್ನಡ ಟೈಪ್ ಆಗುತ್ತಿತ್ತು, ಇವತ್ತು ಆಗುತ್ತಿಲ್ಲ.’ ‘ಜಾಹೀರಾತು ತಡೆಯುವ ಆ ಪುಟ್ಟ ಚಿಹ್ನೆಯೇ ಮಾಯವಾಗಿದೆ.’ ‘ಹಳೆಯ ನುಡಿ ಅಕ್ಷರಗಳನ್ನು ಯೂನಿಕೋಡ್‌ಗೆ ಬದಲಿಸುವ ಸ್ಕ್ರಿಪ್ಟ್ ಕೆಲಸ ಮಾಡುವುದನ್ನೇ ನಿಲ್ಲಿಸಿದೆ.’ ನಾನು ಐಟಿಯವನು ಎಂಬ ಒಂದೇ ಕಾರಣಕ್ಕೆ ಇವೆಲ್ಲ ಕೊನೆಗೆ ನನ್ನ ಬಳಿ ಬರುತ್ತವೆ. ಬಂದವುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ ಬಹಳಷ್ಟು ಸಲ ಕಾಣುವುದು ಒಂದೇ ಸಂಗತಿ: ಆ ಆಡ್-ಆನ್‌ಗೆ ಅಪ್‌ಡೇಟ್ ಬರುವುದು ಎಂದೋ ನಿಂತುಹೋಗಿರುತ್ತದೆ, ಯಾರೂ ಗಮನಿಸಿರುವುದಿಲ್ಲ.

ಗುಂಪಿನಲ್ಲಿ ಥಟ್ಟನೆ ಸಿಗುವ ಉತ್ತರ ಎಲ್ಲರಿಗೂ ಗೊತ್ತಿದೆ: ‘ತೆಗೆದು ಮತ್ತೆ ಹಾಕಿ, ಸರಿಹೋಗುತ್ತದೆ.’ ಈ ಲೇಖನ ಬರೆಯಲು ಮುಖ್ಯ ಕಾರಣವೇ ಈ ಸಲಹೆ. ಆಡ್-ಆನ್ ತೆಗೆದರೆ ಅದರ ಜೊತೆಗೆ ಅದು ಕೂಡಿಟ್ಟ ಸೆಟ್ಟಿಂಗ್, ಪಟ್ಟಿ, ಟಿಪ್ಪಣಿಗಳೂ ಹೋಗುತ್ತವೆ. ಸ್ಕ್ರಿಪ್ಟ್‌ಗಳನ್ನು ನಡೆಸುವ ಟ್ಯಾಂಪರ್‌ಮಂಕಿಯಂಥ ಆಡ್-ಆನ್ ತೆಗೆದರೆ ಅದರೊಳಗಿನ ಎಲ್ಲ ಸ್ಕ್ರಿಪ್ಟ್‌ಗಳೂ ಒಟ್ಟಿಗೆ ಹೋಗುತ್ತವೆ. ಇನ್ನು, ಅಪ್‌ಡೇಟ್ ನಿಂತಿರುವುದಕ್ಕೆ ಕಾರಣ ಆ ಆಡ್-ಆನ್ ಅಂಗಡಿಯಲ್ಲೇ ಇಲ್ಲದಿರುವುದಾದರೆ, ತೆಗೆದ ಮೇಲೆ ಮತ್ತೆ ಹಾಕಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಮೊದಲು ಕಾರಣ ಹುಡುಕಿ, ಆಮೇಲೆ ಕೈ ಹಾಕಿ.

ಇನ್ನೊಂದು ಮಾತು. ಆಡ್-ಆನ್ ಹಾಕುವಾಗ ‘ಎಲ್ಲ ವೆಬ್‌ಸೈಟ್‌ಗಳಲ್ಲಿರುವ ನಿಮ್ಮ ಮಾಹಿತಿಯನ್ನು ಓದಬಹುದು, ಬದಲಿಸಬಹುದು’ ಎಂಬ ಅನುಮತಿ ಕೇಳುವುದನ್ನು ನೀವು ಕಂಡಿರುತ್ತೀರಿ. ಎಲ್ಲ ಎಂದರೆ ನಿಜಕ್ಕೂ ಎಲ್ಲ. ಬ್ಯಾಂಕಿನ ಪುಟ, ಆಫೀಸಿನ ಮೇಲ್ ಎರಡೂ ಅದರಲ್ಲಿವೆ. ಇಷ್ಟು ಅಧಿಕಾರ ಇರುವ ಒಂದು ತಂತ್ರಾಂಶ ವರ್ಷಗಟ್ಟಲೆ ಹಳೆಯದಾಗಿ ಕುಳಿತಿದ್ದರೆ ಅದೂ ಅಪಾಯ. ಏನು ಬಂತು ಎಂದು ನೋಡದೆ ಹೊಸದನ್ನು ಒಳಗೆ ಬಿಟ್ಟುಕೊಳ್ಳುವುದೂ ಅಪಾಯ. ಈ ಎರಡರ ನಡುವೆ ದಾರಿ ಹುಡುಕಬೇಕಾದರೆ ಅಪ್‌ಡೇಟ್ ಹೇಗೆ ಬರುತ್ತದೆ ಎಂಬುದು ಸ್ವಲ್ಪ ಗೊತ್ತಿರಬೇಕು.

ಅಪ್‌ಡೇಟ್ ನಡೆದು ಬರುವ ದಾರಿ

ಫೈರ್‌ಫಾಕ್ಸ್‌ನವರು ಆಡ್-ಆನ್ ಎನ್ನುವುದನ್ನು ಕ್ರೋಮ್, ಎಡ್ಜ್‌ಗಳಲ್ಲಿ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ಎರಡರ ದಾರಿಯೂ ಹೆಚ್ಚುಕಡಿಮೆ ಒಂದೇ. ಬರೆದವರು ಹೊಸ ಆವೃತ್ತಿಯನ್ನು ಬ್ರೌಸರ್ ಕಂಪನಿಯ ಅಂಗಡಿಗೆ, ಅಂದರೆ ಸ್ಟೋರ್‌ಗೆ, ಕಳಿಸುತ್ತಾರೆ. ಅಲ್ಲಿ ತಪಾಸಣೆ ಆಗಿ, ಡಿಜಿಟಲ್ ಸಹಿ ಬೀಳುತ್ತದೆ. ನಿಮ್ಮ ಬ್ರೌಸರ್ ಆಗಾಗ, ಕ್ರೋಮ್ ಆದರೆ ಕೆಲವು ಗಂಟೆಗಳಿಗೊಮ್ಮೆ, ಅಂಗಡಿಯನ್ನು ಕೇಳುತ್ತದೆ: ನನ್ನ ಹತ್ತಿರ ಇಂಥ ಸಂಖ್ಯೆಯ ಆವೃತ್ತಿ ಇದೆ, ಇದಕ್ಕಿಂತ ದೊಡ್ಡ ಸಂಖ್ಯೆಯದು ಬಂದಿದೆಯೇ? ಇದೆ ಎಂದರೆ ಇಳಿಸಿಕೊಂಡು, ಸಹಿ ಸರಿಯಿದೆಯೇ ನೋಡಿ, ಹೊಸ ಅನುಮತಿ ಏನಾದರೂ ಬೇಕೇ ಎಂದು ಪರೀಕ್ಷಿಸಿ, ಆಡ್-ಆನ್ ಬಿಡುವಾಗಿರುವ ಹೊತ್ತಿನಲ್ಲಿ ಹಳೆಯದರ ಜಾಗದಲ್ಲಿ ಕೂರಿಸುತ್ತದೆ. ಬ್ರೌಸರನ್ನು ವಾರಗಟ್ಟಲೆ ಮುಚ್ಚದೆ ಲ್ಯಾಪ್‌ಟಾಪನ್ನು ಬರೀ ಮಡಚಿಡುವವರಲ್ಲಿ ಅಪ್‌ಡೇಟ್ ಇಳಿದಿದ್ದರೂ ಕೂರದೇ ಕಾಯುತ್ತಿರುವುದುಂಟು. ಹಾಗಾಗಿ ಬ್ರೌಸರನ್ನು ಒಮ್ಮೆ ಪೂರ್ತಿ ಮುಚ್ಚಿ ತೆರೆಯುವುದು ಮೊದಲ ಮದ್ದು.

ಈ ದಾರಿಯಲ್ಲಿ ಎಲ್ಲಿ ಕಟ್ಟಿಕೊಂಡರೂ ನಮಗೆ ಕಾಣುವ ಲಕ್ಷಣ ಒಂದೇ, ಏನೂ ಆಗದಿರುವುದು. ಕೆಂಪು ದೀಪವಿಲ್ಲ, ಸದ್ದಿಲ್ಲ. ಆದ್ದರಿಂದ ದಾರಿಯ ಯಾವ ಭಾಗದಲ್ಲಿ ಕಟ್ಟಿದೆ ಎಂದು ನಾವೇ ಭಾಗ ಮಾಡಿ ನೋಡಬೇಕು. ನಲ್ಲಿಯಲ್ಲಿ ನೀರು ಬರದಿದ್ದರೆ ಪಕ್ಕದ ಮನೆಯಲ್ಲಿ ಬರುತ್ತಿದೆಯೇ ಎಂದು ಕೇಳುತ್ತೇವಲ್ಲ, ಹಾಗೆ.

ಎರಡು ಸಂಖ್ಯೆಗಳನ್ನು ಹೋಲಿಸಿ

ಮೊದಲ ಕೆಲಸ ನಿಮ್ಮಲ್ಲಿರುವ ಆವೃತ್ತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು. ಬ್ರೌಸರ್ ಮೆನುವಿನಲ್ಲಿ ಆಡ್-ಆನ್ ಅಥವಾ ಎಕ್ಸ್‌ಟೆನ್ಷನ್‌ಗಳ ಪಟ್ಟಿ ತೆರೆದು, ಬೇಕಾದುದರ ವಿವರ ಪುಟಕ್ಕೆ ಹೋದರೆ ಅದು ಸಿಗುತ್ತದೆ. ಹಾಗೆಯೇ ಅದರ ಸೆಟ್ಟಿಂಗ್‌ಗಳನ್ನು ಹೊರಗೆ ಉಳಿಸಿಕೊಳ್ಳುವ ‘ಎಕ್ಸ್‌ಪೋರ್ಟ್’ ಅಥವಾ ‘ಬ್ಯಾಕಪ್’ ಗುಂಡಿ ಇದ್ದರೆ ಒತ್ತಿ ಒಂದು ಪ್ರತಿ ಇಟ್ಟುಕೊಳ್ಳಿ. ಎರಡನೆಯ ಕೆಲಸ ಅಂಗಡಿಯಲ್ಲಿ ಅದೇ ಆಡ್-ಆನ್‌ನ ಪುಟ ತೆರೆದು ಅಲ್ಲಿರುವ ಸಂಖ್ಯೆ ಮತ್ತು ಕೊನೆಯ ಅಪ್‌ಡೇಟ್ ದಿನಾಂಕ ನೋಡುವುದು. ಎಡ್ಜ್ ಬಳಸುವವರು ಇಲ್ಲೊಂದು ಎಚ್ಚರ ವಹಿಸಬೇಕು. ಎಡ್ಜ್‌ಗೆ ಮೈಕ್ರೋಸಾಫ್ಟ್‌ನ ಅಂಗಡಿಯಿಂದಲೂ ಹಾಕಬಹುದು, ಕ್ರೋಮ್‌ನ ಅಂಗಡಿಯಿಂದಲೂ ಹಾಕಬಹುದು; ಎರಡು ಕಡೆ ಒಂದೇ ಆವೃತ್ತಿ ಇರಬೇಕೆಂದಿಲ್ಲ. ನೀವು ಎಲ್ಲಿಂದ ತಂದಿರೋ ಅಲ್ಲಿಯದನ್ನೇ ಹೋಲಿಸಿ.

ಮೂರರಲ್ಲಿ ಒಂದು ಉತ್ತರ ಸಿಗುತ್ತದೆ. ಎರಡೂ ಸಂಖ್ಯೆ ಒಂದೇ ಆಗಿದ್ದರೆ ನಿಮ್ಮ ಬ್ರೌಸರ್‌ನಲ್ಲಿ ದೋಷವಿಲ್ಲ, ಹೊಸದನ್ನು ಇನ್ನೂ ಯಾರೂ ಬರೆದಿಲ್ಲ. ಅಂಗಡಿಯಲ್ಲಿ ಹೊಸದಿದ್ದು ನಿಮ್ಮಲ್ಲಿ ಹಳೆಯದಿದ್ದರೆ ತೊಡಕು ನಿಮ್ಮ ಕಡೆ ಇದೆ. ಅಂಗಡಿಯಲ್ಲಿ ಪುಟವೇ ಇಲ್ಲದಿದ್ದರೆ ಅದನ್ನು ಬರೆದವರೋ ಅಂಗಡಿಯವರೋ ತೆಗೆದಿದ್ದಾರೆ. ಮೂರಕ್ಕೂ ಮದ್ದು ಬೇರೆ ಬೇರೆ. ಇಷ್ಟು ನೋಡಲು ಐದು ನಿಮಿಷ ಸಾಕು, ಅರ್ಧ ದಿನದ ಪರದಾಟ ತಪ್ಪುತ್ತದೆ.

ತೊಡಕು ನಮ್ಮ ಕಡೆ ಇದ್ದರೆ

ನಾನು ಹೆಚ್ಚಾಗಿ ಕಂಡಿರುವ ಕಾರಣ ಬಾಕಿ ಉಳಿದ ಅನುಮತಿ. ಹೊಸ ಆವೃತ್ತಿ ಹಿಂದಿಗಿಂತ ಹೆಚ್ಚಿನ ಅನುಮತಿ ಬೇಡಿದರೆ ಕ್ರೋಮ್ ಅದನ್ನು ಇಳಿಸಿಕೊಂಡು, ನೀವು ಒಪ್ಪುವ ತನಕ ಆಡ್-ಆನನ್ನೇ ನಿಲ್ಲಿಸಿಡುತ್ತದೆ. ಫೈರ್‌ಫಾಕ್ಸ್ ಹಳೆಯದನ್ನೇ ನಡೆಸುತ್ತಾ ನಿಮ್ಮ ಒಪ್ಪಿಗೆಗೆ ಕಾಯುತ್ತದೆ. ಎರಡೂ ಕಡೆ ಸೂಚನೆ ಬರುವುದು ಮೂಲೆಯ ಮೆನು ಗುಂಡಿಯಲ್ಲಿ. ಅಲ್ಲಿ ಕಾಣುವ ಸಣ್ಣ ಗುರುತನ್ನು ತಿಂಗಳುಗಟ್ಟಲೆ ನೋಡದವರೇ ಹೆಚ್ಚು. ಆದರೆ ಕಂಡ ಕೂಡಲೇ ಒಪ್ಪಿಗೆ ಒತ್ತಬೇಡಿ. ಕನ್ನಡ ಟೈಪ್ ಮಾಡಿಸುವ ಸಾಧನಕ್ಕೆ ನಿಮ್ಮ ಡೌನ್‌ಲೋಡ್ ಪಟ್ಟಿ ಯಾಕೆ ಬೇಕು ಎಂದು ಕೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ಹಳೆಯದರಲ್ಲೇ ಇರುವುದು ಅಥವಾ ಬೇರೆಯದನ್ನು ಹುಡುಕುವುದು ಒಳ್ಳೆಯದು.

ಎರಡನೆಯ ಕಾರಣ ಯಾರೋ ಎಂದೋ ಆರಿಸಿದ ಸ್ವಿಚ್ಚು. ಫೈರ್‌ಫಾಕ್ಸ್‌ನಲ್ಲಿ ಆಡ್-ಆನ್ ಪುಟದ ಹಲ್ಲುಗಾಲಿ ಚಿಹ್ನೆ ಒತ್ತಿದರೆ ‘ಅಪ್‌ಡೇಟ್‌ಗಳಿಗಾಗಿ ಹುಡುಕು’ ಎಂಬ ಆಯ್ಕೆಯೂ, ತಾನಾಗಿ ಅಪ್‌ಡೇಟ್ ಆಗಲಿ ಎಂಬ ಆಯ್ಕೆಯೂ ಇರುತ್ತವೆ. ಇದಲ್ಲದೆ ಒಂದೊಂದು ಆಡ್-ಆನ್‌ನ ವಿವರದಲ್ಲೂ ಬೇರೆಯಾಗಿ ಅದೇ ಆಯ್ಕೆ ಇದೆ. ಹಿಂದೊಮ್ಮೆ ಹಳೆಯ ಆವೃತ್ತಿಗೆ ಮರಳಲು ಯಾರಾದರೂ ಅಲ್ಲಿ ‘ಬೇಡ’ ಎಂದು ಕೊಟ್ಟಿದ್ದರೆ, ಮೇಲಿನದು ‘ಬೇಕು’ ಎಂದಿದ್ದರೂ ಇದೊಂದು ಮಾತ್ರ ನಿಂತೇ ಇರುತ್ತದೆ. ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಪುಟದ ಮೇಲ್ಭಾಗದ ‘ಡೆವಲಪರ್ ಮೋಡ್’ ಹಾಕಿದರೆ ‘ಅಪ್‌ಡೇಟ್’ ಗುಂಡಿ ಕಾಣುತ್ತದೆ. ಅದನ್ನು ಒತ್ತಿದರೆ ಎಲ್ಲವನ್ನೂ ಆಗಲೇ ಕೇಳಿ ನೋಡುತ್ತದೆ. ಯಾರಾದರೂ ಜಿಪ್ ಕಡತ ಕೊಟ್ಟು ‘ಲೋಡ್ ಅನ್‌ಪ್ಯಾಕ್ಡ್’ ಗುಂಡಿಯಿಂದ ಹಾಕಿಸಿದ ಎಕ್ಸ್‌ಟೆನ್ಷನ್ ಆಗಿದ್ದರೆ ಈ ಗುಂಡಿ ಒತ್ತಿ ಫಲವಿಲ್ಲ. ಅದು ಅಂಗಡಿಯ ಮೂಲಕ ಬಂದದ್ದಲ್ಲ, ಹೊಸ ಕಡತವನ್ನು ಕೈಯಾರೆ ತಂದು ಹಾಕಬೇಕು.

ಮೂರನೆಯದು ಬ್ರೌಸರೇ ಹಳೆಯದಾಗಿರುವುದು. ವಿಂಡೋಸ್ 7 ಮತ್ತು 8.1ಕ್ಕೆ ಕ್ರೋಮ್‌ನ 109ನೇ ಆವೃತ್ತಿಯೇ ಕೊನೆ. 2023ರ ಫೆಬ್ರವರಿಯಲ್ಲಿ ಬಂದ 110ರಿಂದ ಮುಂದಿನದಕ್ಕೆ ವಿಂಡೋಸ್ 10 ಬೇಕು. ಆಡ್-ಆನ್ ಬರೆದವರು ‘ಇಂಥ ಆವೃತ್ತಿಗಿಂತ ಹೊಸ ಬ್ರೌಸರ್ ಬೇಕು’ ಎಂದು ಗುರುತು ಹಾಕಿದ್ದರೆ ಹಳೆಯ ಬ್ರೌಸರ್‌ಗೆ ಆ ಅಪ್‌ಡೇಟ್ ಸಿಗುವುದೇ ಇಲ್ಲ. ಊರಿನಲ್ಲಿ ಅಪ್ಪ-ಅಮ್ಮನಿಗೆ ಬಿಟ್ಟುಬಂದ ನಮ್ಮ ಹಳೆಯ ಲ್ಯಾಪ್‌ಟಾಪ್‌ಗಳು ಹೆಚ್ಚಾಗಿ ಈ ಗುಂಪಿಗೆ ಸೇರಿದವು.

ನಾಲ್ಕನೆಯದು ಯಾರೂ ಊಹಿಸದ ಕಾರಣ, ಗಡಿಯಾರ. ಚಿಂಚವಾಡದಲ್ಲಿರುವ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ನಮ್ಮ ಬಳಗದ ಸ್ಮರಣ ಸಂಚಿಕೆಗೆ ಲೇಖನಗಳನ್ನು ಟೈಪ್ ಮಾಡಿಕೊಡುತ್ತಾರೆ. ಎರಡು ತಿಂಗಳು ಧಾರವಾಡದಲ್ಲಿದ್ದು ಮರಳಿದವರು ಫೋನ್ ಮಾಡಿ, ‘ಕೆಲವು ಸೈಟ್ ತೆರೀತಾವ, ಕೆಲವು ಒಲ್ಲೆ ಅಂತಾವ. ಆ ಆಡ್-ಆನ್ ಅಂತೂ ಅಪ್‌ಡೇಟ್ ಆಗವಲ್ದು ನೋಡ್ರಿ’ ಎಂದರು. ಹೋಗಿ ನೋಡಿದರೆ ಲ್ಯಾಪ್‌ಟಾಪಿನ ಒಳಗಿನ ಬಟನ್ ಸೆಲ್ ಸೋತು, ಯಂತ್ರ ಆರಿದ್ದಷ್ಟು ದಿನ ಗಡಿಯಾರವೂ ನಿಂತಿತ್ತು. ಎರಡು ತಿಂಗಳ ಹಿಂದಿನ ದಿನಾಂಕವೇ ಇತ್ತು. ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಪ್ರಮಾಣಪತ್ರಗಳಿಗೆ ‘ಇಂದಿನಿಂದ ಇಂದಿನವರೆಗೆ’ ಎಂಬ ಅವಧಿ ಇರುತ್ತದೆ. ಕಳೆದ ಎರಡು ತಿಂಗಳಲ್ಲಿ ಕೊಟ್ಟ ಪ್ರಮಾಣಪತ್ರ ಅವರ ಯಂತ್ರದ ಕಣ್ಣಿಗೆ ಇನ್ನೂ ಹುಟ್ಟಿಯೇ ಇರಲಿಲ್ಲ. ದಿನಾಂಕ ಸರಿಮಾಡಿದ ಮೇಲೆ ಎಲ್ಲವೂ ತಾನಾಗಿ ಇಳಿಯಿತು.

ಐದನೆಯದು ಆಫೀಸಿನ ಯಂತ್ರ. ಬ್ರೌಸರ್ ಮೆನುವಿನ ತಳದಲ್ಲಿ ‘ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ’ ಎಂಬ ಸಾಲಿದ್ದರೆ ಯಾವ ಆಡ್-ಆನ್ ಇರಬೇಕು, ಯಾವುದು ಬೇಡ ಎಂಬ ತೀರ್ಮಾನ ನಿಮ್ಮದಲ್ಲ. ಕಂಪನಿಯ ಜಾಲ ಅಂಗಡಿಯ ವಿಳಾಸವನ್ನೇ ತಡೆಹಿಡಿದಿರಲೂಬಹುದು. ಮನೆಯ ವೈಫೈಯಲ್ಲಿ ಅಪ್‌ಡೇಟ್ ಆಗಿ, ಆಫೀಸಿನಲ್ಲಿ ಆಗದಿದ್ದರೆ ಇದೇ ಕಾರಣ. ಅಡ್ಡದಾರಿ ಹುಡುಕಬೇಡಿ; ಐಟಿ ವಿಭಾಗಕ್ಕೆ ಒಂದು ಟಿಕೆಟ್ ಹಾಕಿ. ಆ ಬೇಲಿ ಕಟ್ಟುವವರ ಪಕ್ಕದಲ್ಲೇ ಕೂತು ಕೆಲಸ ಮಾಡುವವನಾಗಿ ಹೇಳುತ್ತಿದ್ದೇನೆ, ಅದಕ್ಕೆ ಸಾಮಾನ್ಯವಾಗಿ ಕಾರಣ ಇರುತ್ತದೆ.

ಇವು ಯಾವುದೂ ಅಲ್ಲದಿದ್ದರೆ ಹೊಸ ಪ್ರೊಫೈಲ್ ಒಂದನ್ನು ತೆರೆದು ಅದರಲ್ಲಿ ಅದೇ ಆಡ್-ಆನ್ ಹಾಕಿ ನೋಡಿ. ಅಲ್ಲಿ ಹೊಸ ಆವೃತ್ತಿ ಬಂದು ಚೆನ್ನಾಗಿ ನಡೆದರೆ ಹಳೆಯ ಪ್ರೊಫೈಲಿನ ಕಡತಗಳಲ್ಲಿ ಏನೋ ಕೆಟ್ಟಿದೆ ಎಂದು ಖಚಿತವಾಗುತ್ತದೆ. ಹೀಗೆ ಮಾಡಿದರೆ ಹಳೆಯದನ್ನು ಮುಟ್ಟದೆಯೇ ಪರೀಕ್ಷೆ ಮುಗಿಯುತ್ತದೆ.

ತೊಡಕು ಅಂಗಡಿಯ ಕಡೆ ಇದ್ದರೆ

ಕೆಲವೊಮ್ಮೆ ನಾವು ಏನೇ ಮಾಡಿದರೂ ಸರಿಹೋಗುವುದಿಲ್ಲ, ಏಕೆಂದರೆ ನಿಯಮವೇ ಬದಲಾಗಿರುತ್ತದೆ. 2017ರ ನವೆಂಬರ್ 14ರಂದು ಬಂದ ಫೈರ್‌ಫಾಕ್ಸ್ 57 ಹಳೆಯ ಶೈಲಿಯ ಆಡ್-ಆನ್‌ಗಳನ್ನು ಪೂರ್ತಿ ಕೈಬಿಟ್ಟಿತು. ಹೊಸ ರೀತಿಯಲ್ಲಿ ತಿರುಗಿ ಬರೆದವು ಉಳಿದವು, ಉಳಿದವು ಹೋದವು. ಕ್ರೋಮ್‌ನಲ್ಲಿ ಅಂಥದೇ ಬದಲಾವಣೆ ‘ಮ್ಯಾನಿಫೆಸ್ಟ್ ವಿ3’ ಎಂಬ ಹೆಸರಿನಲ್ಲಿ ಬಂತು. 2024ರಲ್ಲಿ ಎಚ್ಚರಿಕೆಗಳು ಶುರುವಾಗಿ, ವರ್ಷದ ಕೊನೆಯ ತಿಂಗಳುಗಳಲ್ಲಿ ಹಳೆಯ ಎಕ್ಸ್‌ಟೆನ್ಷನ್‌ಗಳು ಒಂದೊಂದಾಗಿ ನಿಂತವು. 2025ರ ಮಧ್ಯದ ಹೊತ್ತಿಗೆ ಆ ಅಧ್ಯಾಯ ಮುಗಿಯಿತು. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಕ್ರೋಮ್‌ನಲ್ಲಿ ನಿಂತದ್ದು ಇದರಿಂದಲೇ. ಹೊಸ ನಿಯಮಕ್ಕೆ ತಕ್ಕಂತೆ ಅದೇ ಲೇಖಕರು ಯುಬ್ಲಾಕ್ ಒರಿಜಿನ್ ಲೈಟ್ ಎಂಬ ಬೇರೆ ಎಕ್ಸ್‌ಟೆನ್ಷನ್ ಕೊಟ್ಟಿದ್ದಾರೆ. ಗಮನಿಸಿ, ಇದು ಹಳೆಯದರ ಅಪ್‌ಡೇಟ್ ಅಲ್ಲ. ಎಷ್ಟು ಕಾದರೂ ಹಳೆಯದು ತಾನಾಗಿ ಹೊಸದಾಗುವುದಿಲ್ಲ; ನಾವೇ ಹೋಗಿ ಬೇರೆಯಾಗಿ ಹಾಕಿಕೊಳ್ಳಬೇಕು. ಮೂಲ ಆವೃತ್ತಿಯೇ ಬೇಕೆನ್ನುವವರಿಗೆ ಫೈರ್‌ಫಾಕ್ಸ್‌ನಲ್ಲಿ ಅದು ಸಿಗುತ್ತದೆ.

ಸಹಿಯದೂ ಒಂದು ಕಥೆ ಇದೆ. 2019ರ ಮೇ 4, ಶನಿವಾರ, ನಮ್ಮ ಕಾಲಮಾನದಲ್ಲಿ ಬೆಳಗಿನ ಆರೂವರೆ ಸುಮಾರಿಗೆ ಫೈರ್‌ಫಾಕ್ಸ್‌ನ ಆಡ್-ಆನ್‌ಗಳಿಗೆ ಸಹಿ ಹಾಕಲು ಬಳಸುತ್ತಿದ್ದ ಒಂದು ಪ್ರಮಾಣಪತ್ರದ ಅವಧಿ ಮುಗಿಯಿತು. ಅದನ್ನು ನವೀಕರಿಸಿರಲಿಲ್ಲ. ಬ್ರೌಸರ್ ದಿನಕ್ಕೊಮ್ಮೆ ಸಹಿ ಪರೀಕ್ಷಿಸುವುದರಿಂದ ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ, ಜಗತ್ತಿನಾದ್ಯಂತ ಆಡ್-ಆನ್‌ಗಳು ಆರುತ್ತಾ ಹೋದವು. ಹೊಸದನ್ನು ಹಾಕಲೂ ಆಗುತ್ತಿರಲಿಲ್ಲ. ಮೊಜಿಲ್ಲಾ ಮೊದಲು ತಾತ್ಕಾಲಿಕ ಪರಿಹಾರ ಕಳಿಸಿ, ಮರುದಿನ 66.0.4 ಎಂಬ ಆವೃತ್ತಿ ಬಿಡುಗಡೆ ಮಾಡಿತು. ಆ ಹೊತ್ತಿಗೆ ಅದು ಬಳಕೆದಾರರಿಗೆ ಕೊಟ್ಟ ಮುಖ್ಯ ಸೂಚನೆಯೇ ‘ಆಡ್-ಆನ್‌ಗಳನ್ನು ತೆಗೆದು ಮತ್ತೆ ಹಾಕಲು ಹೋಗಬೇಡಿ, ಮಾಹಿತಿ ಅಳಿಸಿಹೋಗುತ್ತದೆ’ ಎಂಬುದು. ಕಾದವರದು ಎಲ್ಲ ಉಳಿಯಿತು. 2025ರ ಮಾರ್ಚ್ 14ರಂದು ಫೈರ್‌ಫಾಕ್ಸ್‌ನ ಇನ್ನೊಂದು ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಈ ಸಲ ಮೊಜಿಲ್ಲಾ ಮೊದಲೇ ಎಚ್ಚರಿಸಿತ್ತು: 128ಕ್ಕಿಂತ ಹಳೆಯ ಆವೃತ್ತಿ, ದೀರ್ಘಾವಧಿ ಬೆಂಬಲದ ಸಾಲಿನಲ್ಲಾದರೆ 115.13ಕ್ಕಿಂತ ಹಳೆಯದು ಇದ್ದವರು ಬ್ರೌಸರನ್ನು ಅಪ್‌ಡೇಟ್ ಮಾಡಿಕೊಳ್ಳಬೇಕೆಂದು. ಹಳೆಯ ಯಂತ್ರದಲ್ಲಿ ಆಡ್-ಆನ್‌ಗಳೆಲ್ಲ ಒಟ್ಟಿಗೆ ಸತ್ತಂತೆ ಕಂಡರೆ ಒಂದೊಂದನ್ನೇ ಅನುಮಾನಿಸುವ ಮೊದಲು ಬ್ರೌಸರ್‌ನ ಆವೃತ್ತಿ ನೋಡಿ.

ಸ್ಕ್ರಿಪ್ಟ್‌ಗಳ ಲೋಕವೇ ಬೇರೆ

ಯೂಸರ್‌ಸ್ಕ್ರಿಪ್ಟ್ ಎಂದರೆ ಯಾವುದೋ ಒಂದು ವೆಬ್‌ಸೈಟಿನ ವರ್ತನೆಯನ್ನು ನಮಗೆ ಬೇಕಾದಂತೆ ತಿದ್ದುವ ಸಣ್ಣ ಕೋಡ್. 2004ರಲ್ಲಿ ಆರನ್ ಬೂಡ್‌ಮನ್ ಬರೆದ ಗ್ರೀಸ್‌ಮಂಕಿ ಇದನ್ನು ಜನಪ್ರಿಯ ಮಾಡಿತು. ಇವತ್ತು ಟ್ಯಾಂಪರ್‌ಮಂಕಿ, ವಯಲೆಂಟ್‌ಮಂಕಿ ಹೆಚ್ಚು ಬಳಕೆಯಲ್ಲಿವೆ. ಇಲ್ಲಿ ಒಂದೇ ಅಂಗಡಿ ಎಂಬುದಿಲ್ಲ. ಅಪ್‌ಡೇಟ್ ಎಲ್ಲಿಂದ ಬರಬೇಕು ಎಂಬುದನ್ನು ಸ್ಕ್ರಿಪ್ಟಿನ ತಲೆಬರಹದಲ್ಲೇ ಬರೆದಿರುತ್ತಾರೆ. ಸ್ಕ್ರಿಪ್ಟ್ ತೆರೆದರೆ ಮೇಲ್ಗಡೆ ಕಾಣುವ ಹತ್ತಿಪ್ಪತ್ತು ಸಾಲುಗಳಲ್ಲಿ ‘ವರ್ಷನ್’, ‘ಅಪ್‌ಡೇಟ್ ಯುಆರ್‌ಎಲ್’, ‘ಡೌನ್‌ಲೋಡ್ ಯುಆರ್‌ಎಲ್’, ‘ಮ್ಯಾಚ್’ ಎಂಬ ಸಾಲುಗಳನ್ನು ಹುಡುಕಿ. ನಿಂತುಹೋದ ಸ್ಕ್ರಿಪ್ಟ್‌ಗಳ ರೋಗ ಹೆಚ್ಚಾಗಿ ಇಲ್ಲೇ ಸಿಗುತ್ತದೆ.

‘ವರ್ಷನ್’ ಸಾಲೇ ಇಲ್ಲದಿದ್ದರೆ ಹೋಲಿಸಲು ಏನೂ ಇಲ್ಲ, ಅಪ್‌ಡೇಟ್ ಆಗುವುದಿಲ್ಲ. ಯಾರೋ ಕಳಿಸಿದ ಕೋಡನ್ನು ಕಾಪಿ ಮಾಡಿ ಅಂಟಿಸಿದ್ದು, ಅದರಲ್ಲಿ ಅಪ್‌ಡೇಟ್ ವಿಳಾಸವೂ ಇಲ್ಲದಿದ್ದರೆ, ಅದು ಎಲ್ಲಿಂದ ಬಂತು ಎಂಬುದೇ ಟ್ಯಾಂಪರ್‌ಮಂಕಿಗೆ ತಿಳಿದಿರುವುದಿಲ್ಲ. ವಿಳಾಸ ಇದ್ದರೂ ಆ ತಾಣ ಬದುಕಿರಬೇಕು. ಒಂದು ಕಾಲಕ್ಕೆ ಸ್ಕ್ರಿಪ್ಟ್‌ಗಳ ದೊಡ್ಡ ಸಂತೆಯಾಗಿದ್ದ ಯೂಸರ್‌ಸ್ಕ್ರಿಪ್ಟ್ಸ್ ಡಾಟ್ ಆರ್ಗ್ 2014ರಲ್ಲಿ ಮುಚ್ಚಿಹೋಯಿತು. ಅದರ ವಿಳಾಸ ಹೊತ್ತ ಸ್ಕ್ರಿಪ್ಟ್‌ಗಳು ಇನ್ನೂ ಯಾರ ಯಂತ್ರದಲ್ಲಾದರೂ ಇದ್ದರೆ ಖಾಲಿ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತವೆ. ಈಗ ಹೆಚ್ಚು ಸ್ಕ್ರಿಪ್ಟ್‌ಗಳು ಸಿಗುವುದು ಗ್ರೀಸಿ ಫೋರ್ಕ್ ತಾಣದಲ್ಲಿ. ಹಳೆಯ ಸ್ಕ್ರಿಪ್ಟಿನ ಹೆಸರಿನಿಂದ ಅಲ್ಲಿ ಹುಡುಕಿ, ಅದೇ ಲೇಖಕರದೇ ಎಂದು ಖಚಿತ ಮಾಡಿಕೊಂಡು ಹೊಸದಾಗಿ ಹಾಕಬಹುದು.

ಸ್ಕ್ರಿಪ್ಟನ್ನು ನೀವೇ ತಿದ್ದಿದ್ದರೆ ಅದೂ ಒಂದು ಕಾರಣ. ಕೆಲವು ಮ್ಯಾನೇಜರ್‌ಗಳು ಕೈಯಿಂದ ತಿದ್ದಿದ ಸ್ಕ್ರಿಪ್ಟಿಗೆ ಅಪ್‌ಡೇಟ್ ನಿಲ್ಲಿಸಿಬಿಡುತ್ತವೆ. ಇನ್ನು ಕೆಲವದರಲ್ಲಿ ಅಪ್‌ಡೇಟ್ ಬಂದಾಗ ನಿಮ್ಮ ತಿದ್ದುಪಡಿಯೇ ಅಳಿಸಿಹೋಗುತ್ತದೆ. ತಿದ್ದಬೇಕೆನಿಸಿದರೆ ಬೇರೆ ಹೆಸರಿನಲ್ಲಿ ಒಂದು ಪ್ರತಿ ಮಾಡಿ ತಿದ್ದಿ.

ಕ್ರೋಮ್‌ನಲ್ಲಿ ಈಚೆಗೆ ಇನ್ನೊಂದು ತೊಡಕು ಸೇರಿದೆ. ಹೊಸ ನಿಯಮದಂತೆ ಸ್ಕ್ರಿಪ್ಟ್ ನಡೆಸಲು ಬಳಕೆದಾರರೇ ಒಪ್ಪಿಗೆ ಕೊಡಬೇಕು. ಮೊದಲು ಇದಕ್ಕೆ ‘ಡೆವಲಪರ್ ಮೋಡ್’ ಹಾಕಬೇಕಿತ್ತು. ಕ್ರೋಮ್ 138ರಿಂದ ಆಯಾ ಎಕ್ಸ್‌ಟೆನ್ಷನ್‌ನ ವಿವರ ಪುಟದಲ್ಲಿ ‘ಅಲೋ ಯೂಸರ್ ಸ್ಕ್ರಿಪ್ಟ್ಸ್’ ಎಂಬ ಪ್ರತ್ಯೇಕ ಸ್ವಿಚ್ಚು ಇದೆ. ‘ಟ್ಯಾಂಪರ್‌ಮಂಕಿ ಹೊಸದೇ ಇದೆ, ಸ್ಕ್ರಿಪ್ಟೂ ಹೊಸದೇ, ಆದರೂ ಏನೂ ನಡೆಯುತ್ತಿಲ್ಲ’ ಎನ್ನುವವರಿಗೆ ನಾನು ಮೊದಲು ಕೇಳುವುದೇ ಈ ಸ್ವಿಚ್ಚಿನ ಬಗ್ಗೆ.

ಎಲ್ಲ ಹೊಸದಿದ್ದೂ ಸ್ಕ್ರಿಪ್ಟ್ ನಡೆಯದಿದ್ದರೆ ಬದಲಾಗಿರುವುದು ವೆಬ್‌ಸೈಟ್ ಇರಬಹುದು. ‘ಮ್ಯಾಚ್’ ಸಾಲಿನಲ್ಲಿ ಎಚ್‌ಟಿಟಿಪಿ ಎಂದಿದ್ದು, ತಾಣ ಎಚ್‌ಟಿಟಿಪಿಎಸ್‌ಗೆ ಹೋಗಿದ್ದರೆ ಸ್ಕ್ರಿಪ್ಟ್ ಏಳುವುದೇ ಇಲ್ಲ. ಪುಟದ ರಚನೆ ಬದಲಾಗಿದ್ದರೆ ಎದ್ದು, ತಾನು ಹುಡುಕುವ ಗುಂಡಿ ಸಿಗದೆ ನಿಲ್ಲುತ್ತದೆ. ಎಫ್12 ಒತ್ತಿ ‘ಕನ್ಸೋಲ್’ ತೆರೆದರೆ ಕೆಂಪು ಸಾಲಿನಲ್ಲಿ ಅದರ ಗುರುತು ಸಿಗುತ್ತದೆ. ಅರ್ಥವಾಗದಿದ್ದರೂ ಪರವಾಗಿಲ್ಲ, ಆ ಸಾಲನ್ನು ಹಾಗೇ ನಕಲು ಮಾಡಿ ಲೇಖಕರಿಗೆ ಕಳಿಸಿ. ‘ಕೆಲಸ ಮಾಡುತ್ತಿಲ್ಲ’ ಎಂಬ ಹತ್ತು ದೂರುಗಳಿಗಿಂತ ಅಂಥ ಒಂದು ಸಾಲು ಅವರಿಗೆ ಹೆಚ್ಚು ಉಪಯೋಗ.

ಇದೇ ತತ್ವ ಕನ್ನಡ ವಿಕಿಪೀಡಿಯದಲ್ಲಿ ಕೆಲಸ ಮಾಡುವವರಿಗೂ ಅನ್ವಯಿಸುತ್ತದೆ. ಅಲ್ಲಿ ಸಂಪಾದಕರು ತಮ್ಮ ಸ್ವಂತ ಜಾವಾಸ್ಕ್ರಿಪ್ಟ್ ಪುಟದಲ್ಲಿ ಬೇರೆಯವರ ಉಪಕರಣಗಳನ್ನು ಸೇರಿಸಿಕೊಳ್ಳಬಹುದು. ಮೂಲ ಪುಟದಿಂದ ಲೋಡ್ ಮಾಡುವ ಒಂದು ಸಾಲು ಬರೆದವರಿಗೆ ಮೂಲ ಸುಧಾರಿಸಿದಂತೆ ಸುಧಾರಣೆ ಬರುತ್ತದೆ. ಇಡೀ ಕೋಡನ್ನು ನಕಲು ಮಾಡಿ ಅಂಟಿಸಿದವರ ಬಳಿ ಅಂಟಿಸಿದ ದಿನದ ಕೋಡೇ ಉಳಿಯುತ್ತದೆ. ಆದರೆ ಮೊದಲನೆಯ ದಾರಿಯಲ್ಲಿ ಮೂಲ ಪುಟದ ಒಡೆಯರನ್ನು ನಂಬಿರುತ್ತೀರಿ ಎಂಬುದು ನೆನಪಿರಲಿ.

1.3 ದೊಡ್ಡದೋ, 1.25 ದೊಡ್ಡದೋ?

ಸಣ್ಣಪುಟ್ಟ ಸ್ಕ್ರಿಪ್ಟ್ ಬರೆಯುವ ಹವ್ಯಾಸಿಗಳಿಗಾಗಿ ಇದೊಂದು ಮಾತು. ನಮ್ಮ ಓದುಗರಲ್ಲಿ ಅಂಥವರು ಇದ್ದೇ ಇರುತ್ತಾರೆ. ಗಣಿತದ ದಶಮಾಂಶದಲ್ಲಿ 1.3 ದೊಡ್ಡದು. ಬ್ರೌಸರ್‌ನ ಲೆಕ್ಕದಲ್ಲಿ 1.25 ದೊಡ್ಡದು, ಏಕೆಂದರೆ ಅದು ಚುಕ್ಕಿಯ ಎರಡೂ ಬದಿಯನ್ನು ಬೇರೆ ಬೇರೆ ಪೂರ್ಣಾಂಕವಾಗಿ ಓದುತ್ತದೆ. ಪತ್ರಿಕೆಯ ಸಂಪುಟ, ಸಂಚಿಕೆ ಇದ್ದ ಹಾಗೆ: ಸಂಪುಟ 1, ಸಂಚಿಕೆ 25 ಆದ ಮೇಲೆ ಸಂಪುಟ 1, ಸಂಚಿಕೆ 3 ಬರುವುದಿಲ್ಲ. 1.25ರ ನಂತರ 1.3 ಎಂದು ಹಾಕಿದವರ ಹೊಸ ಕೆಲಸ ಯಾರಿಗೂ ತಲುಪುವುದಿಲ್ಲ. ಪ್ರತಿಯೊಬ್ಬರ ಬ್ರೌಸರೂ ‘ನನ್ನ ಬಳಿ ಇರುವುದೇ ಹೊಸದು’ ಎಂದುಕೊಳ್ಳುತ್ತದೆ. 1.26 ಎನ್ನಿ, ಇಲ್ಲವೇ 2.0 ಎನ್ನಿ.

ಅಪ್‌ಡೇಟ್ ಬಂದದ್ದೇ ತೊಂದರೆಯಾದಾಗ

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲವನ್ನೂ ಸದಾ ಅಪ್‌ಡೇಟ್ ಮಾಡಿ ಎಂದು ಮುಗಿಸಿದರೆ ಅರ್ಧ ಸತ್ಯವಾಗುತ್ತದೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಆಡ್-ಆನ್‌ಗಳಿಗೆ ಚೆನ್ನಾಗಿ ಹೊಂದುತ್ತದೆ. ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಮೆಮೊರಿ ಉಳಿಸುತ್ತಿದ್ದ ದಿ ಗ್ರೇಟ್ ಸಸ್ಪೆಂಡರ್ ಬಹಳ ಜನರ ಮೆಚ್ಚಿನ ಎಕ್ಸ್‌ಟೆನ್ಷನ್ ಆಗಿತ್ತು. 2020ರಲ್ಲಿ ಅದನ್ನು ಬರೆದವರು ಬೇರೊಬ್ಬರಿಗೆ ಮಾರಿದರು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಎಂದು ಅಂಗಡಿಯಿಂದ ತೆಗೆದು, ಹಾಕಿಕೊಂಡವರ ಬ್ರೌಸರ್‌ನಲ್ಲೂ ನಿಲ್ಲಿಸಿತು. ಜಾಲತಾಣಗಳ ರೂಪ ಬದಲಿಸುವ ಸ್ಟೈಲಿಶ್ ಕೂಡ ಕೈಬದಲಾದ ಮೇಲೆ ಬಳಕೆದಾರರು ಯಾವ ಯಾವ ಪುಟ ನೋಡುತ್ತಾರೆ ಎಂಬ ಮಾಹಿತಿ ಕಳಿಸುತ್ತಿದ್ದದ್ದು ಬಯಲಾಗಿ, 2018ರ ಜುಲೈಯಲ್ಲಿ ಅಂಗಡಿಗಳಿಂದ ಹೊರಬಿತ್ತು. ಎರಡರಲ್ಲೂ ಬಳಕೆದಾರರು ಏನನ್ನೂ ಹೊಸದಾಗಿ ಹಾಕಿಕೊಂಡಿರಲಿಲ್ಲ. ಅಪ್‌ಡೇಟ್ ತಾನಾಗಿ ಬಂದಿತ್ತು, ಅಷ್ಟೆ.

2024ರ ಡಿಸೆಂಬರ್ ಕೊನೆಯಲ್ಲಿ ಆದದ್ದು ಇನ್ನೂ ಬೋಧಪ್ರದ. ಸೈಬರ್‌ಹೇವನ್ ಎಂಬ ಭದ್ರತಾ ಕಂಪನಿಯ ಉದ್ಯೋಗಿಯೊಬ್ಬರಿಗೆ ಕ್ರೋಮ್ ಅಂಗಡಿಯವರು ಬರೆದಂತೆ ಕಾಣುವ ಮೋಸದ ಮೇಲ್ ಬಂತು. ಅದರ ಮೂಲಕ ಒಳಹೊಕ್ಕವರು ಕ್ರಿಸ್‌ಮಸ್ ಹೊತ್ತಿಗೆ ಆ ಕಂಪನಿಯ ಎಕ್ಸ್‌ಟೆನ್ಷನ್‌ಗೆ ಮಾಹಿತಿ ಕದಿಯುವ ಆವೃತ್ತಿಯೊಂದನ್ನು ಏರಿಸಿದರು. ಸುಮಾರು ಒಂದು ದಿನದೊಳಗೆ ಕಂಪನಿ ಅದನ್ನು ಕಂಡುಹಿಡಿದು, ತೆಗೆದು, ಶುದ್ಧ ಆವೃತ್ತಿ ಕೊಟ್ಟಿತು. ವಿಷ ಬಂದದ್ದು ಸ್ವಯಂಚಾಲಿತ ಅಪ್‌ಡೇಟ್ ದಾರಿಯಲ್ಲಿ. ಔಷಧ ಬಂದದ್ದೂ ಅದೇ ದಾರಿಯಲ್ಲಿ. ಅದಕ್ಕಾಗಿಯೇ ‘ಹಾಗಾದರೆ ಅಪ್‌ಡೇಟ್ ಎಲ್ಲ ಆರಿಸಿಬಿಡುತ್ತೇನೆ’ ಎನ್ನುವವರಿಗೆ ನಾನು ಬೇಡ ಎನ್ನುತ್ತೇನೆ. ದಾರಿ ಮುಚ್ಚುವುದಕ್ಕಿಂತ ಆ ದಾರಿಯಲ್ಲಿ ಓಡಾಡುವವರ ಸಂಖ್ಯೆ ಕಡಿಮೆ ಮಾಡುವುದು ಮೇಲು. ಬಳಸದ ಆಡ್-ಆನ್ ತೆಗೆಯಿರಿ. ಬೇಕಾದುದಕ್ಕೂ ‘ಕ್ಲಿಕ್ ಮಾಡಿದಾಗ ಮಾತ್ರ’ ಅಥವಾ ‘ಈ ತಾಣದಲ್ಲಿ ಮಾತ್ರ’ ಎಂದು ಅನುಮತಿ ಕಿರಿದುಗೊಳಿಸುವ ಆಯ್ಕೆ ಕ್ರೋಮ್‌ನಲ್ಲಿದೆ. ಬ್ಯಾಂಕಿನ ಕೆಲಸಕ್ಕೆ ಯಾವ ಆಡ್-ಆನ್ ಕೂಡ ಇಲ್ಲದ ಬೇರೆ ಪ್ರೊಫೈಲ್ ಇಟ್ಟುಕೊಳ್ಳಿ.

ನಮ್ಮ ಕನ್ನಡದ ಉಪಕರಣಗಳು

ಕನ್ನಡ ಟೈಪಿಂಗ್, ಲಿಪಿ ಬದಲಾವಣೆ, ನಿಘಂಟು ಮುಂತಾದ ಸಾಧನಗಳಲ್ಲಿ ಅನೇಕವನ್ನು ಒಬ್ಬರೋ ಇಬ್ಬರೋ ರಾತ್ರಿ ಊಟವಾದ ಮೇಲಿನ ಬಿಡುವಿನಲ್ಲಿ ಬರೆದಿರುತ್ತಾರೆ. ಅದಕ್ಕೆ ಸಂಬಳವಿಲ್ಲ. ನಿಯಮ ಬದಲಾದಾಗ ತಿರುಗಿ ಬರೆಯಲು ಅವರಿಗೆ ಪುರುಸೊತ್ತು ಸಿಗದಿದ್ದರೆ ಉಪಕರಣ ಅಲ್ಲಿಗೇ ನಿಲ್ಲುತ್ತದೆ. ಹೊರನಾಡಿನಲ್ಲಿ ಅದನ್ನೇ ನೆಚ್ಚಿ ಸಂಚಿಕೆ ತರುವ ನಮ್ಮಂಥ ಸಂಘಗಳ ಕೆಲಸವೂ ಜೊತೆಗೇ ನಿಲ್ಲುತ್ತದೆ. ಹಾಗಾಗಿ ನಿಮ್ಮಲ್ಲಿರುವ ಆವೃತ್ತಿ ಸಂಖ್ಯೆ, ಬ್ರೌಸರ್ ಆವೃತ್ತಿ, ಏನು ಮಾಡಿದಾಗ ಏನಾಯಿತು, ಇಷ್ಟನ್ನು ಸೇರಿಸಿ ಲೇಖಕರಿಗೆ ಸೌಜನ್ಯದಿಂದ ಬರೆಯಿರಿ. ಕೋಡ್ ಬಲ್ಲವರು ನಮ್ಮಲ್ಲಿ ಕಡಿಮೆಯಿಲ್ಲ. ಮೂಲ ಕೋಡ್ ಮುಕ್ತವಾಗಿದ್ದರೆ ಒಂದು ಭಾನುವಾರ ಕೊಟ್ಟು ತಿದ್ದಿಕೊಡಬಹುದು.

ಜೊತೆಗೆ, ಆಡ್-ಆನ್ ಇಲ್ಲದೆಯೂ ಆಗುವ ಕೆಲಸಕ್ಕೆ ಆಡ್-ಆನ್ ಬೇಡ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಕನ್ನಡದ ಫೋನೆಟಿಕ್ ಕೀಲಿಮಣೆ ಇದೆ. ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿ, ಅದರ ಆಯ್ಕೆಗಳಲ್ಲಿ ಫೋನೆಟಿಕ್ ಕೀಲಿಮಣೆಯನ್ನೂ ಸೇರಿಸಿದರೆ ಸಾಕು, ಬ್ರೌಸರ್ ಮಾತ್ರವಲ್ಲ, ವರ್ಡ್, ಮೇಲ್ ಎಲ್ಲ ಕಡೆ ಟೈಪ್ ಮಾಡಬಹುದು. ಕನ್ನಡ ವಿಕಿಪೀಡಿಯದ ಬರವಣಿಗೆ ಚೌಕದಲ್ಲಿ ಟೈಪಿಂಗ್ ಸೌಲಭ್ಯ ತಾನಾಗಿಯೇ ಇದೆ. ಚಿಂಚವಾಡದ ಹಿರಿಯರೂ ಈಗ ವಿಂಡೋಸ್ ಕೀಲಿಮಣೆಯನ್ನೇ ಬಳಸುತ್ತಿದ್ದಾರೆ.

ಕೊನೆಯದಾಗಿ, ತಿಂಗಳಿಗೊಮ್ಮೆ ಕರೆಂಟ್ ಬಿಲ್ ಕಟ್ಟುವ ದಿನ ಹತ್ತು ನಿಮಿಷ ತೆಗೆದಿಟ್ಟು ಆಡ್-ಆನ್ ಪುಟ ತೆರೆಯಿರಿ. ಯಾವುದು ಬಳಕೆಯಲ್ಲಿದೆ, ಯಾವುದಕ್ಕೆ ಕೊನೆಯ ಅಪ್‌ಡೇಟ್ ಯಾವಾಗ ಬಂತು, ಯಾವುದು ಹೊಸ ಅನುಮತಿ ಕೇಳುತ್ತಿದೆ ಎಂದು ಕಣ್ಣಾಡಿಸಿ. ಅಂಗಡಿಯಿಂದ ತೆಗೆದುಹಾಕಿದ ಎಕ್ಸ್‌ಟೆನ್ಷನ್‌ಗಳನ್ನು ಕ್ರೋಮ್‌ನ ‘ಸೇಫ್ಟಿ ಚೆಕ್’ ತಾನೇ ತೋರಿಸುತ್ತದೆ. ಇಷ್ಟು ಮಾಡುತ್ತಿದ್ದರೆ ಸಂಚಿಕೆ ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಕನ್ನಡ ಮೂಡುತ್ತಿಲ್ಲ ಎಂದು ಯಾರನ್ನೂ ಎಬ್ಬಿಸಬೇಕಾಗುವುದಿಲ್ಲ.